ತಂತಿಯ ಮೇಲಿದ್ದ ನೀಲಿ ಕವರ್

ಶಿವಾನಂದನ ಸ್ಕೂಟರಿಗೆ ಬೆಂಕಿ ಹತ್ತಿದಾಗ ನಾನು ಅನಗೋಳದ ನಮ್ಮ ಓಣಿಯಲ್ಲಿ, ನಮ್ಮ ಗೇಟಿನ ಹೊರಗೆ, ಗಟಾರದ ಮೇಲೆ ಹಾಸಿದ ಕಲ್ಲಿನ ಮೇಲೆ ನಿಂತಿದ್ದೆ. ಹೋದ ವರ್ಷದ ಬೇಸಿಗೆ, ಒಂದು ರವಿವಾರ, ಬೆಳಗಿನ ನಳದ ನೀರು ಬಂದು ನಿಂತ ಸ್ವಲ್ಪ ಹೊತ್ತಿಗೆ. ಹಾಲಿನವನ ದಾರಿ ಕಾಯುತ್ತಿದ್ದೆ. ಕೈಯಲ್ಲಿ ಖಾಲಿ ಪಾತ್ರೆ ಇತ್ತು. ಶಿವಾನಂದನ ಮನೆ ನಮ್ಮ ಎದುರಿಗೆ, ಚೂರು ಎಡಕ್ಕೆ. ಕರೆಂಟಿನ ಸ್ಕೂಟರ್ ಅವರ ಕಟ್ಟೆಯ ಪಕ್ಕದಲ್ಲಿತ್ತು; ಕಿಟಕಿಯಿಂದ ಇಳಿದ ವೈರಿನಿಂದ ಚಾರ್ಜ್ ಆಗುತ್ತಿತ್ತು. ಅದರ ಮೇಲೆ ಏನೂ ಹೊದಿಸಿರಲಿಲ್ಲ. ಸೀಟಿನ ಮೇಲೆ ಬಿಸಿಲು ಬಿದ್ದು ಹೊಳೆಯುತ್ತಿತ್ತು, ನಾನು ನೋಡಿದ್ದೇನೆ. ಅದಕ್ಕೆಂದು ಹೊಲಿಸಿದ್ದ ನೀಲಿ ಕವರ್ ಮಾಳಿಗೆಯ ಮೇಲೆ, ಬಟ್ಟೆ ಒಣಹಾಕುವ ತಂತಿಯ ಮೇಲಿತ್ತು. ಅದರಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

ಇದನ್ನು ಮೊದಲೇ ಬರೆದಿಡುತ್ತಿದ್ದೇನೆ, ಏಕೆಂದರೆ ಮುಂದೆ ಹೇಳುವುದೆಲ್ಲ ಆ ಕವರನ್ನು ಹೊಲಿದವರ ಬಗ್ಗೆ. ಹೋದ ತಿಂಗಳು ಅವರು ಖಾನಾಪುರದಲ್ಲಿ, ತಂಗಿಯ ಮನೆಯಲ್ಲಿ ತೀರಿಕೊಂಡರು.

ಓಣಿಗೆಲ್ಲ ಅವರು ಕವರ್ ಅಕ್ಕಾರು. ಹೆಸರು ಬೇರೆ ಇತ್ತು. ಅದನ್ನು ಬಳಸಿದವರನ್ನು ನಾನು ನೋಡಿಲ್ಲ. ತವರು ಹಲಸಿಯ ಕಡೆ. ಗಂಡ ಹೋದ ಮೇಲೆ ತವರಿಗೆ ಮರಳದೆ, ಓಣಿಯ ತುದಿಯ ಒಂದು ಕೋಣೆಯಲ್ಲಿ ಮಷಿನ್ ಇಟ್ಟುಕೊಂಡು ಕುಳಿತರು. ಬ್ಲೌಸು, ಲಂಗ, ಶಾಲೆಯ ಮಕ್ಕಳ ಅಂಗಿ ಎಲ್ಲವನ್ನೂ ಹೊಲಿಯುತ್ತಿದ್ದರು. ಆದರೆ ಅವರ ಕೈ ಕುಣಿಯುತ್ತಿದ್ದುದು ಯಂತ್ರಗಳ ಅಂಗಿ ಹೊಲಿಯುವಾಗ. ಫ್ರಿಜ್ಜಿಗೆ ಹೂವಿನ ಹೊದಿಕೆ, ಅದರ ಹಿಡಿಕೆಗೆ ಬೇರೆ ಕೈಗವಸು, ಮಿಕ್ಸರಿಗೆ ಟೊಪ್ಪಿಗೆ, ವಾಷಿಂಗ್ ಮಷಿನ್ನಿಗೆ ಜಿಪ್ಪಿನ ಕವರ್. ಟೀವಿ ರಿಮೋಟಿಗೆ ಪಾರದರ್ಶಕ ಪ್ಲಾಸ್ಟಿಕ್ಕಿನ ಅಂಗಿ ಹೊಲಿದು, "ಇನ್ನ ಮ್ಯಾಲ ಸಾಂಬಾರ ಕೈಲೆ ಒತ್ರಿ, ಏನೂ ಆಗಂಗಿಲ್ಲ" ಎನ್ನುತ್ತಿದ್ದರು. ನಮ್ಮ ಕಡೆ ಹೊಸ ವಸ್ತು ಮನೆಗೆ ಬಂದರೆ ಮೊದಲು ಕುಂಕುಮ, ಆಮೇಲೆ ಕವರ್. ವಸ್ತುವನ್ನು ಬರಿಮೈಯಲ್ಲಿ ಬಿಟ್ಟರೆ ಮನೆಯವರಿಗೆ ನಾಚಿಕೆಯಾಗುತ್ತದೆ.

ಹೀಗಾಗಿ ಪೇಟೆಗೆ ಬಂದ ಪ್ರತಿ ಯಂತ್ರವೂ ಅವರ ಅಳತೆ ಟೇಪಿನ ಕೆಳಗೆ ಹಾದುಹೋಗುತ್ತಿತ್ತು, ಪ್ರತಿಯೊಂದರ ಬಗ್ಗೆಯೂ ಅವರದೊಂದು ಅಭಿಪ್ರಾಯ ಇರುತ್ತಿತ್ತು. ತೆಳು ಟೀವಿ ಬಂದಾಗ ಅದರ ಹಿಂದೆ ಮುಂದೆ ಕೈಯಾಡಿಸಿ, "ಮೊದಲಿನ ಟೀವಿಗೆ ಬೆನ್ನರೆ ಇತ್ತು. ಇದು ಬರೇ ಮಾರಿ" ಎಂದರು. ಬ್ಯಾಟರಿ ತೆಗೆಯಲು ಬಾರದ ಮೊಬೈಲನ್ನು ನಾನು ತೋರಿಸಿದಾಗ ಅದನ್ನು ಬಹಳ ಹೊತ್ತು ತಿರುವಿ ನೋಡಿದರು.

"ಇದು ಕೆಟ್ರ ಏನ ಮಾಡೂದು ಸಾಹೇಬ್ರ?"

"ಹೊಸಾದ ತಗೊಳ್ಳೂದರಿ."

"ಹಂಗಾರ ಹೊಲದಾಂವ ಒಳಗ ಅರಿವೀನ ಬಿಟ್ಟಿಲ್ಲ" ಎಂದು ವಾಪಸು ಕೊಟ್ಟರು.

ಅವರು ಮಾತ್ರ ಅರಿವಿ ಬಿಡುತ್ತಿದ್ದರು. ಪ್ರತಿ ಬ್ಲೌಸಿನ ಹೊಲಿಗೆಯ ಒಳಗೆ ಒಂದಿಷ್ಟು ಬಟ್ಟೆ ಮಡಚಿ ಉಳಿಸುತ್ತಿದ್ದರು. ನಾಳೆ ಮೈ ತುಂಬಿಕೊಂಡರೆ ಬಿಚ್ಚಿ ಸಡಿಲಿಸಬಹುದು. ಹೊಲಿಗೆ ಯಂತ್ರಕ್ಕೆ ಒಮ್ಮೆ ಯಾರದೋ ಮಾತು ಕೇಳಿ ಮೋಟರ್ ಹಾಕಿಸಿದರು. ಆ ಮಳೆಗಾಲವೆಲ್ಲ ಕರೆಂಟು ಬಂದು ಹೋಗಿ ಮಾಡಿತು. ಮೋಟರನ್ನು ತೆಗೆಸಿ ಮತ್ತೆ ಪೆಡಲ್ ತುಳಿಯಲು ಕುಳಿತು, "ನನ್ನ ಕಾಲಿನ ಕರೆಂಟ್ ಯಾರೂ ಕಡಿಯಂಗಿಲ್ಲ" ಎಂದರು. ಹಾಗೆಂದು ಹೊಸದನ್ನು ಹಳಿಯುವವರಲ್ಲ. ಖಾನಾಪುರದ ತಂಗಿ ಗಂಗವ್ವನ ಮನೆಯ ಮೇಲೆ ಬಿಸಿಲಿನಿಂದ ನೀರು ಕಾಯಿಸುವ ಸೋಲಾರ್ ಕೂರಿಸಿದಾಗ ಅವರಷ್ಟು ಹಿಗ್ಗಿದವರಿಲ್ಲ. ಮಂಗಗಳ ಕಾಟಕ್ಕೆ ಅದರ ಗಾಜಿನ ಕೊಳವೆಗಳಿಗೂ ಒಂದು ಕವರ್ ಹೊಲಿದುಕೊಡು ಎಂದು ಗಂಗವ್ವ ಕೇಳಿದಳಂತೆ.

"ಅದಕ್ಕ ಬಿಸಲ ಊಟ, ಹುಚ್ಚಿ. ಬಾಯಿ ಕಟ್ಟಿ ಪಂಕ್ತಿಗೆ ಕುಂದರಸ್ತೀ ಏನು?"

ಖಾನಾಪುರದ ಭೂಮಾಪನ ಕಚೇರಿಯಲ್ಲಿ ನನ್ನ ಕೆಲಸ. ಬೆಳಗಿನ ರೈಲಿಗೆ ಹೋಗುವಾಗ ಗಂಗವ್ವನಿಗೆ ಮುಟ್ಟಿಸಬೇಕಾದ ಬಟ್ಟೆಯ ಗಂಟು ಆಗಾಗ ನನ್ನ ಕೈಗೆ ಬರುತ್ತಿತ್ತು. ಸೋಲಾರಿನ ಕತೆ ನನಗೆ ಗೊತ್ತಾದದ್ದು ಹಾಗೆ. ಗಂಗವ್ವ ಅದನ್ನು ಅರ್ಧ ಕನ್ನಡದಲ್ಲಿ, ಅರ್ಧ ಮರಾಠಿಯಲ್ಲಿ, ಪೂರ್ತಿ ನಗುತ್ತ ಹೇಳಿದಳು.

ಕಂಪನಿಗಳ ಫೋನಿನ ಜೊತೆ ಅಕ್ಕಾರ ಜಗಳ ಓಣಿಗೆ ಮನರಂಜನೆಯಾಗಿತ್ತು. ಫ್ರಿಜ್ಜು ತಣ್ಣಗಾಗುತ್ತಿಲ್ಲವೆಂದು ದೂರು ಕೊಡಲು ಫೋನ್ ಮಾಡಿದರೆ, 'ನಿಮ್ಮ ಕರೆ ನಮಗೆ ಅಮೂಲ್ಯ' ಎಂದು ಧ್ವನಿಮುದ್ರಿತ ಹೆಣ್ಣುದನಿ ಹಾಡುತ್ತಿತ್ತು. ಅವರು ಅದಕ್ಕೂ ಉತ್ತರ ಕೊಡುತ್ತಿದ್ದರು. "ಅಮೂಲ್ಯ ಇದ್ರ ಎತ್ತವಾ ಮತ್ತ. ಯಾಕ ಹಾಡ ಹೇಳತಿ?"

ಶಿವಾನಂದ ದಾರಿಯಲ್ಲಿ ಹೋಗುತ್ತ ಕೂಗುತ್ತಿದ್ದ. "ಅಕ್ಕಾರ, ಅದು ಮಷಿನ್‌ರಿ. ಅದಕ್ಕ ಕಿವಿ ಇಲ್ಲ."

"ಕಿವಿ ಇಲ್ದವರನ್ನ ಬಾಗಲದಾಗ ಯಾಕ ನಿಲ್ಲಿಸ್ಯಾರೋ? ನಾ ನಿಲ್ಲಿಸೇನೇನು? ನನ್ನ ಅಂಗಡಿಗೆ ಬಂದ್ರ ನಾನ ಸಿಗತೀನಿ."

ಇದು ಜಂಬದ ಮಾತಲ್ಲ. ಅವರು ಗಿರಾಕಿಯನ್ನು ನಡೆಸಿಕೊಳ್ಳುತ್ತಿದ್ದ ರೀತಿಯನ್ನು ನಾನು ಬೇರೆಲ್ಲೂ ನೋಡಿಲ್ಲ. ಯಾರೇ ದೂರು ತಂದರೂ ಅವರ ಬಾಯಿಂದ ಮೊದಲು ಬರುತ್ತಿದ್ದುದು ಒಂದೇ ಮಾತು: "ನಂದ ತಪ್ಪರಿ. ತಗೊಂಡ ಬರ್ರಿ, ಬಿಚ್ಚಿ ಹೊಲದ ಕೊಡ್ತೀನಿ." ತಪ್ಪು ಯಾರದೆಂದು ನೋಡುವ ಮೊದಲೇ ಹೀಗೆನ್ನುತ್ತಿದ್ದರು. ಶಿವಾನಂದನ ಹೆಂಡತಿ ರೇಖಾ ಒಮ್ಮೆ ಮದುವೆಗೆಂದು ಹೊಲಿಸಿದ ಬ್ಲೌಸು ದೀಪಾವಳಿಯ ಹೊತ್ತಿಗೆ ಬಿಗಿಯಾಯಿತೆಂದು ತಂದಾಗ ನಾನು ಅಲ್ಲೇ ಇದ್ದೆ, ಅಂಗಿಯ ಕಾಲರ್ ತಿರುಗಿಸಿ ಹಾಕಿಸಲು ಹೋಗಿದ್ದೆ. ಅಕ್ಕಾರು ಅದೇ ಮಾತು ಹೇಳಿ ಬ್ಲೌಸು ಇಸಿದುಕೊಂಡರು. ರೇಖಾ ಹೋದ ಮೇಲೆ ಕೇಳಿದೆ.

"ಆಕೀನ ದಪ್ಪ ಆಗ್ಯಾಳಲ್ರಿ, ನಿಮ್ಮ ತಪ್ಪ ಏನ ಬಂತು?"

"ಆಕೀಗೆ ಅದು ಗೊತ್ತಿಲ್ಲೇನ್ರಿ? ಕನ್ನಡಿ ಇರತೈತಿ ಮನ್ಯಾಗ. ಬ್ಲೌಸ್ ತಗೊಂಡ ಬಾಗಲಾ ದಾಟಿ ಬಂದಿರ್ತಾಳ, ಅಷ್ಟರಾಗನ ಅರ್ಧಾ ನಾಚಿರ್ತಾಳ. ತಪ್ಪು ನಾ ತಗೊಂಡ್ರ ಆಕೀ ಕುಂದರ್ತಾಳ. ಕುಂತ್ರ ಅಳತಿ ಸಿಗತೈತಿ."

ಅಳತೆ ಸಿಕ್ಕ ಮೇಲೆ ಒಳಗೆ ಬಿಟ್ಟ ಬಟ್ಟೆ ಇದ್ದೇ ಇರುತ್ತಿತ್ತು.

ಶಿವಾನಂದ ಆಟೋ ನಗರದಲ್ಲಿ ಪೆಟ್ರೋಲ್ ಗಾಡಿಗಳ ಮೆಕ್ಯಾನಿಕ್. ಅವನು ಕರೆಂಟಿನ ಸ್ಕೂಟರ್ ತಂದ ದಿನ ಗ್ಯಾರೇಜಿನವರು, "ಏನಲೇ, ನೀನ ಇದನ್ನ ತಗೊಂಡ್ರ ನಾವ ಪಾನಾ, ಸ್ಕ್ರೂಡ್ರೈವರ್ ಹಿಡಕೊಂಡ ಎಲ್ಲಿ ಹೋಗೂಣು?" ಎಂದು ಕಾಡಿದರಂತೆ. ಅವನು ಅದನ್ನು ಮನಸ್ಸಿಟ್ಟು ಕೊಂಡಿದ್ದ. ದಿನವಿಡೀ ಹೊಗೆ ಕುಡಿಯುವವನಿಗೆ ಹೊಗೆ ಬಿಡದ ಗಾಡಿ ಬೇಕಿತ್ತು. ಬರುವಾಗಲೇ ಸೀದಾ ಅಕ್ಕಾರ ಬಾಗಿಲಿಗೆ ತಂದು ನಿಲ್ಲಿಸಿ, "ಅಳತಿ ತಗೊಳ್ರಿ" ಎಂದ.

ಅಕ್ಕಾರು ಕೆಳಗೆ ಬಾಗಿ ಕಾಲಿಡುವ ಹಲಗೆಯನ್ನು ಬೆರಳಿನಿಂದ ಬಡಿದು ಕೇಳಿದರು, "ಇದು ಉಸರಾಡತೈತೇನೋ?"

"ಬ್ಯಾಟ್ರಿ ಪೂರಾ ಸೀಲ್ ಐತ್ರಿ. ಏನೂ ಆಗಂಗಿಲ್ಲ ಅಂತ ಶೋರೂಮಿನವರು ಹೇಳ್ಯಾರ."

ಆದರೂ ಕವರಿನ ಕೆಳಗಿನ ಸುತ್ತನ್ನು ಅವರು ಹೊಲಿಯಲಿಲ್ಲ, ಗಾಳಿಗೆ ಬಿಟ್ಟರು. ಇದನ್ನೂ ನಾನು ನೋಡಿದ್ದೇನೆ.

ಬೆಂಕಿಯ ವಿಷಯಕ್ಕೆ ಬರುತ್ತೇನೆ. ಮೊದಲು ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂಥ ಸದ್ದು. ಆಮೇಲೆ ಕಾಲಿಡುವ ಹಲಗೆಯ ಸಂದಿನಿಂದ ಬಿಳಿ ಹೊಗೆ. ಉರಿ ಆಮೇಲೆ ಬಂತು, ಒಮ್ಮೆಲೇ ಬಂತು. ಮಾಳಿಗೆಯ ಮೇಲೆ ಬಟ್ಟೆ ಹಾಕುತ್ತಿದ್ದ ರೇಖಾ ಚೀರಿದಳು. ಒಳಗಿದ್ದ ಶಿವಾನಂದ ಓಡಿಬಂದು ಮೇನ್ ಸ್ವಿಚ್ ಇಳಿಸಿದ. ಪಕ್ಕದ ಕಲ್ಲಪ್ಪ ಮನೆ ಕಟ್ಟಿಸುತ್ತಿದ್ದ. ಹಿಂದೆ ಕುರಿ ಕಾಯ್ದವನು, ಈಗ ಆಟೋ ನಗರದ ಕಾರ್ಖಾನೆಯೊಂದರಲ್ಲಿ ವಾಚ್‌ಮನ್. ಅವನು ತನ್ನ ರಾಶಿಯ ಉಸುಕನ್ನು ಬುಟ್ಟಿ ಬುಟ್ಟಿ ಸುರಿದ. ನಾನು ಪಾತ್ರೆ ಎಸೆದು ಅವನಿಗೆ ಉಸುಕು ತುಂಬಿಕೊಟ್ಟೆ. ಯಾರಿಗೂ ಏನೂ ಆಗಲಿಲ್ಲ. ಕಿಟಕಿ ಸುಟ್ಟಿತು, ಗೋಡೆ ಕಪ್ಪಾಯಿತು, ಸ್ಕೂಟರಿನ ಕಬ್ಬಿಣ ಮಾತ್ರ ಉಳಿಯಿತು. ಅಕ್ಕಾರು ಮಷಿನ್ ಬಿಟ್ಟು ಓಣಿಯ ತುದಿಯಿಂದ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರು ನಿಂತು ಮೊದಲು ಕೇಳಿದ್ದು, "ಮ್ಯಾಲ ಕವರ್ ಇತ್ತೇನು?"

"ಇಲ್ರಿ ಅಕ್ಕಾರ, ಈಗ ಒಗದ ಹಾಕೇನಿ. ಅಲ್ನೋಡ್ರಿ" ಎಂದು ರೇಖಾ ಮೇಲೆ ತೋರಿಸಿದಳು. ಅವರು ಕತ್ತೆತ್ತಿದರು. ಕವರ್ ಕಂಡರೋ, ಕಪ್ಪು ಗೋಡೆಯನ್ನೇ ನೋಡುತ್ತಿದ್ದರೋ, ಆಣೆ ಮಾಡಿ ಹೇಳಲಾರೆ.

ಕೆಲವು ದಿನಗಳ ಮೇಲೆ ಕಂಪನಿಯಿಂದ ಒಬ್ಬ ತರುಣ ಬಂದ. ಹುಬ್ಬಳ್ಳಿಯವನು, ಮೃದು ಮಾತಿನವನು. ದಾರಿಯಲ್ಲಿ ಬಂದ ಧೂಳು ಮುಖದ ಮೇಲೆ ಹಾಗೇ ಇತ್ತು. ಬೇರೆ ಸ್ಕೂಟರ್ ಸಿಗುತ್ತದೆಯೋ ಇಲ್ಲವೋ ಎಂಬುದು ಅವನು ಕಳಿಸುವ ವರದಿಯ ಮೇಲೆ ನಿಂತಿತ್ತು. ಅವನು ಫೋಟೋ ತೆಗೆದ, ಮೊಬೈಲಿನಲ್ಲಿ ಬಂದ ಪ್ರಶ್ನೆಗಳನ್ನು ಒಂದೊಂದಾಗಿ ಓದಿ ಕೇಳಿದ. ರೇಖಾ ನೀಲಿ ಕವರನ್ನು ತಂದು ಅವನ ಮುಂದೆ ಬಿಡಿಸಿ ಹಾಸಿದಳು. ಎಲ್ಲಿಯೂ ಒಂದು ಕಿಡಿ ಹಾರಿದ ಗುರುತಿರಲಿಲ್ಲ.

"ಇದರ ಸಲುವಾಗಿ ಇಲ್ಲಿ ಪ್ರಶ್ನೆ ಇಲ್ರೀ ಮೇಡಂ. ಸುಟ್ಟಿದ್ದರ ಸಲುವಾಗಿ ಅಷ್ಟ ಅದಾವ" ಎಂದ. ಆಮೇಲೆ ಶಿವಾನಂದನ ಕಡೆ ತಿರುಗಿ, "ದಿನಾ ಚಾರ್ಜ್ ಹಚ್ಚಿದಾಗ ಇದನ್ನ ಹಾಕತಿದ್ರೇನ್ರಿ?"

"ಹಾಕತಿದ್ವಿ. ಅವತ್ತ ಇರಲಿಲ್ಲ."

"ಇದನ್ನ ಹೊಲದವರ ಯಾರ್ರೀ?"

ಯಾರೂ ಕರೆಯಬೇಕಾಗಲಿಲ್ಲ. ಅಕ್ಕಾರು ಅಲ್ಲೇ, ಕಟ್ಟೆಯ ಕೊನೆಗೆ ನಿಂತಿದ್ದರು. ಅವರ ಕಣ್ಣು ಬಿದ್ದದ್ದು ಅವನ ಅಂಗಿಯ ಮೇಲೆ. ನಡುವಿನ ಗುಂಡಿಯೊಂದು ದಾರ ಸಡಿಲಾಗಿ ಜೋತಾಡುತ್ತಿತ್ತು.

"ನಿಂದ್ರೋ ತಮ್ಮಾ, ಗುಂಡಿ ಕಳಕೊಂತಿ" ಎಂದು ಸೆರಗಿಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದು, ಅವನು ಬೇಡ ಬೇಡ ಎನ್ನುತ್ತಿದ್ದಂತೆ ಅವನ ಎದೆಯ ಹತ್ತಿರ ನಿಂತು ಹೊಲಿಯತೊಡಗಿದರು. ಅವನು ಅಲುಗಾಡದೆ ನಿಂತ. ಮೊಬೈಲ್ ಹಿಡಿದ ಕೈಯನ್ನು ಮಾತ್ರ ಪಕ್ಕಕ್ಕೆ ಚಾಚಿ, ಅದರ ಮೇಲೆ ಹೆಬ್ಬೆರಳು ಒತ್ತಿದ. ಅದು ಮಾತನ್ನು ರೆಕಾರ್ಡ್ ಮಾಡಿಕೊಳ್ಳುತ್ತಿದೆ ಎಂದು ನನಗೆ ತಿಳಿದದ್ದು ಆಮೇಲೆ.

"ಅಮ್ಮಾರ, ಈ ಕವರ್ ನೀವ ಹೊಲದಿದ್ದೇನ್ರಿ?"

"ಹೂಂ."

"ಗಾಳಿ ಆಡಾಕ ಜಾಗಾ ಇತ್ತೇನ್ರಿ?"

"ತೆಳಗ ಸುತ್ತಲೂ ಬಿಟ್ಟಿದ್ದೆ."

"ಅಷ್ಟ ಸಾಲಿಲ್ಲ ಕಾಣಸ್ತೈತ್ರಿ. ದಿನಾ ಬಿಸಿ ಆಗಿ ಆಗಿ ಬ್ಯಾಟ್ರಿ ಕೆಟ್ಟಿರಬೇಕು."

ಅಕ್ಕಾರು ತಲೆ ಎತ್ತಲಿಲ್ಲ. ದಾರವನ್ನು ಹಲ್ಲಿನಿಂದ ಕಡಿದು, ಅಷ್ಟು ವರ್ಷ ಯಾರೇ ದೂರು ಹೇಳಿದರೂ ಹೇಳಿದ್ದನ್ನೇ ಹೇಳಿದರು. "ನಂದ ತಪ್ಪರಿ. ತಗೊಂಡ ಬರ್ರಿ, ಬಿಚ್ಚಿ ಹೊಲದ ಕೊಡ್ತೀನಿ."

ಹೆಬ್ಬೆರಳು ಮತ್ತೊಮ್ಮೆ ಒತ್ತಿತು.

ನಾನು ಕೂಡಲೇ ಹೇಳಿದೆ, ಇದು ಅವರ ರೂಢಿಯ ಮಾತು, ಬ್ಲೌಸು ಬಿಗಿಯಾದರೂ ಹೀಗೇ ಅನ್ನುತ್ತಾರೆ, ಬೆಂಕಿ ಹತ್ತಿದಾಗ ಕವರ್ ಮಾಳಿಗೆಯ ಮೇಲಿತ್ತು, ನಾನು ಆ ಕಲ್ಲಿನ ಮೇಲೆ ನಿಂತು ನೋಡಿದ್ದೇನೆ. ರೇಖಾ ಹೇಳಿದಳು. ಕಲ್ಲಪ್ಪ ಹೇಳಿದ. ತರುಣ ಎಲ್ಲವನ್ನೂ ತಾಳ್ಮೆಯಿಂದ ಕೇಳಿದ.

"ಸರ್, ನಾ ಬರೇ ಕಳಸಾಂವ. ನೋಡವರು ಮ್ಯಾಲಿನವರು."

ಅಕ್ಕಾರು ಅವನಿಗೆ ಚಹಾ ಕೊಟ್ಟು ಕಳಿಸಿದರು. ಅವನು ಓಣಿ ದಾಟುವ ಮೊದಲೇ ಶಿವಾನಂದನ ಮೊಬೈಲಿಗೆ ಸಂದೇಶ ಬಂತು: ನಮ್ಮ ಪ್ರತಿನಿಧಿಯ ಭೇಟಿಗೆ ಎಷ್ಟು ನಕ್ಷತ್ರ ಕೊಡುತ್ತೀರಿ? ಶಿವಾನಂದ ಮೊಬೈಲನ್ನು ಕಟ್ಟೆಯ ಮೇಲೆ ಬಿಸಾಕಿದ. "ಎಲ್ಲಾ ಕೊಡೋ, ಆ ತಮ್ಮ ಛಲೋ ಇದ್ದ" ಎಂದರು ಅಕ್ಕಾರು. ಅವನು ಎಲ್ಲ ನಕ್ಷತ್ರಗಳನ್ನೂ ಕೊಟ್ಟ.

ಉತ್ತರ ಬಂದಾಗ ಅದರಲ್ಲಿ ಹೀಗಿತ್ತು: ಹೊರಗಿನ ಹೊದಿಕೆಯಿಂದ ಬ್ಯಾಟರಿ ಕಾದಿದೆ, ಹೊದಿಕೆ ತಯಾರಿಸಿದವರೇ ದೋಷವನ್ನು ಒಪ್ಪಿಕೊಂಡಿದ್ದಾರೆ, ಆದ್ದರಿಂದ ಬದಲಿ ಕೊಡಲಾಗುವುದಿಲ್ಲ. ಶಿವಾನಂದ ಫೋನ್ ಮಾಡಿದ. ಈ ಸಲ ಮನುಷ್ಯರ ದನಿಯೇ ಸಿಕ್ಕಿತು. "ಅಕ್ಕಾರು ಎಲ್ಲಾರಿಗೂ ಹಂಗ ಅಂತಾರ್ರಿ! ಅವರ ಸ್ವಭಾವ ಅದು!" ಎಂದು ಅವನು ಓಣಿಗೆಲ್ಲ ಕೇಳುವಂತೆ ಕೂಗಿದ. ಆ ಕಡೆಯ ಹೆಣ್ಣುಮಗಳು ಕೇಳಿಸಿಕೊಂಡು, "ಅರ್ಥವಾಯಿತು ಸರ್. ನಿಮಗೆ ಇನ್ನೇನಾದರೂ ಸಹಾಯ ಬೇಕೇ?" ಎಂದಳು.

ಓಣಿಯಲ್ಲಿ ಯಾರೂ ಅಕ್ಕಾರನ್ನು ಬೈಯಲಿಲ್ಲ. ರೇಖಾ ಒಂದೇ ಸಲ ಕೇಳಿದಳು, "ಯಾಕ ಹಂಗ ಅಂದ್ರಿ ಅಕ್ಕಾರ?"

"ಬಾಯಿಗೆ ಬಂತವಾ. ಅವತ್ತ ಮ್ಯಾಲ ಇರಲಿಲ್ಲ ಖರೇ. ದಿನಾ ಇತ್ತಲ್ಲ?"

ಶಿವಾನಂದ ಆಟೋ ನಗರಕ್ಕೆ ಸಿಟಿ ಬಸ್ಸಿನಲ್ಲಿ ಹೋಗತೊಡಗಿದ. ಅಕ್ಕಾರ ಬಾಗಿಲ ಮುಂದೆಯೇ ಬಸ್ಸಿನ ದಾರಿ. ಅವನು ಹೋಗುವ ಹೊತ್ತಿಗೆ ಅವರು ಮಷಿನ್ನಿನ ಮುಖ ಗೋಡೆಯ ಕಡೆ ತಿರುಗಿಸಿಕೊಂಡು ಕುಳಿತಿರುತ್ತಿದ್ದರು. ಅವನೂ ಆಮೇಲೆ ಹಿಂದಿನ ಸಂದಿಯಿಂದ ಹೋಗುವುದನ್ನು ಕಲಿತ, ಸಿಟ್ಟಿನಿಂದಲ್ಲ, ಅವರಿಗೆ ತೊಂದರೆಯಾಗದಿರಲೆಂದು.

ಕವರ್ ಹೊಲಿಯುವುದನ್ನು ಅವರು ನಿಲ್ಲಿಸಿದರು. ಯಾರಾದರೂ ಮಿಕ್ಸರಿನ ಅಳತೆ ತಂದರೆ, "ಪ್ಯಾಟ್ಯಾಗ ಸಿಗತಾವವಾ, ತಯಾರಾಗಿದ್ದು" ಎನ್ನುತ್ತಿದ್ದರು. ಆದರೆ ನನ್ನನ್ನು ಅಲುಗಾಡಿಸಿದ್ದು ಅದಲ್ಲ. ದೀಪಾವಳಿಯ ಮುಂದೆ ಒಬ್ಬ ಹೊಸ ಸೊಸೆ ತೋಳು ಬಿಗಿಯಾಯಿತೆಂದು ಬ್ಲೌಸು ತಂದಿದ್ದಳು. ನಾನು ಬಾಗಿಲಲ್ಲಿ ಗಂಗವ್ವನ ಗಂಟಿಗಾಗಿ ನಿಂತಿದ್ದೆ. ಅಕ್ಕಾರು ಮೊದಲು ಅವಳ ಕೈಯಲ್ಲಿದ್ದ ಮೊಬೈಲ್ ನೋಡಿದರು.

"ಅದನ್ನ ಚೀಲದಾಗ ಇಡವಾ ಮೊದಲ."

ಅವಳು ಗಾಬರಿಯಾಗಿ ಇಟ್ಟಳು. ಅಕ್ಕಾರು ಬ್ಲೌಸನ್ನು ಬೆಳಕಿಗೆ ಹಿಡಿದರು. ನಾನು ಆ ಮಾತಿಗಾಗಿ ಕಾಯ್ದೆ. ಅವರ ತುಟಿ ಅಲುಗಿತು ಕೂಡ. ಆಮೇಲೆ, "ಹೌದೇನು? ಇಟ್ಟ ಹೋಗ, ನೋಡೂಣು" ಎಂದರು. ಹುಡುಗಿ ಕುಳಿತುಕೊಳ್ಳಲಿಲ್ಲ. ನಿಂತೇ ಇದ್ದು, ಬ್ಲೌಸನ್ನು ವಾಪಸು ಇಸಿದುಕೊಂಡು ಹೊರಟುಹೋದಳು.

ಈ ವರ್ಷದ ಮಳೆಗಾಲದ ಹೊತ್ತಿಗೆ ಅವರ ಕಾಲು ಬಾತು ಪೆಡಲ್ ತುಳಿಯಲಾಗಲಿಲ್ಲ. ಗಂಗವ್ವ ಬಂದು ಖಾನಾಪುರಕ್ಕೆ ಕರೆದೊಯ್ದಳು. ಆಮೇಲೆ ಒಂದು ದಿನ ಶಿವಾನಂದ ನಮ್ಮ ಗೇಟಿಗೆ ಬಂದು ಮೊಬೈಲ್ ತೋರಿಸಿದ. ಅದೇ ಕಂಪನಿಯ ಸಂದೇಶ. ಆ ಮಾದರಿಯ ಗಾಡಿ ಇರುವ ಎಲ್ಲ ಗ್ರಾಹಕರೂ ಮುಂಜಾಗ್ರತೆಗಾಗಿ ತಮ್ಮ ಗಾಡಿಯನ್ನು ತಂದು ಬ್ಯಾಟರಿ ಬದಲಾಯಿಸಿಕೊಂಡು ಹೋಗಬೇಕೆಂದು ವಿನಂತಿ. ಕವರ್ ಹಾಕಿದವರು ಎಂದಿರಲಿಲ್ಲ. ಎಲ್ಲರೂ ಎಂದಿತ್ತು. ಶಿವಾನಂದ ಕಪ್ಪು ಗೋಡೆಯ ಕಡೆ ಕೈ ಮಾಡಿ, "ಏನ ಒಯ್ಯಲಿ ಸರ? ಉಸುಕ ಒಯ್ಯಲೇನು?" ಎಂದ. ನಗಲು ನೋಡಿದ, ಆಗಲಿಲ್ಲ. ಆಮೇಲೆ, "ಅಕ್ಕಾರಿಗೆ ಹೇಳ್ರಿ. ಮೊದಲ ಅವರಿಗೆ ಹೇಳ್ರಿ" ಎಂದ.

ಮರುದಿನ ಕಚೇರಿ ಮುಗಿಸಿ ಗಂಗವ್ವನ ಮನೆಗೆ ಹೋದೆ. ಅಕ್ಕಾರು ಕಿಟಕಿಯ ಪಕ್ಕ ಮಲಗಿದ್ದರು. ಹಣೆಯ ವಿಭೂತಿ ಹೊಸದಾಗಿತ್ತು, ಮುಖ ಸಣ್ಣದಾಗಿತ್ತು. ನಾನು ಸಂದೇಶವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ, ಮತ್ತೆ ನನ್ನ ಮಾತಿನಲ್ಲಿ ಹೇಳಿದೆ. ಬ್ಯಾಟ್ರಿಯೊಳಗೇ ದೋಷ ಇತ್ತು ಅಕ್ಕಾರ. ನಿಮ್ಮ ಕವರ್ ಅಲ್ಲ. ಕವರ್ ಇಲ್ಲದವರದ್ದನ್ನೂ ವಾಪಸು ಕರೆದಿದ್ದಾರೆ.

ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಗಂಗವ್ವ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಒತ್ತಿಕೊಂಡಿದ್ದಳು.

"ಅದರಾಗ 'ನಂದ ತಪ್ಪು' ಅಂತ ಅಂದಾರೇನ್ರಿ?"

ನಾನು ಮೊಬೈಲನ್ನು ಮತ್ತೆ ನೋಡಿದೆ. ಸುಳ್ಳು ಹೇಳಬಹುದಿತ್ತು, ಅದು ನನಗೆ ಬರುವುದಿಲ್ಲ, ಅವರಿಗೂ ಅದು ಗೊತ್ತಿತ್ತು.

"ಇಲ್ಲರಿ. 'ಮುಂಜಾಗ್ರತೆಗಾಗಿ' ಅಂದಾರ."

ಅವರ ಕೈಬೆರಳುಗಳು ಹೊದಿಕೆಯ ಅಂಚನ್ನು ಹಿಡಿದು, ಅದರ ಹೊಲಿಗೆಯ ಮೇಲೆ ನಿಧಾನವಾಗಿ ಸರಿಯುತ್ತಿದ್ದವು.

"ಹಂಗಾರ ತಪ್ಪು ಇನ್ನೂ ನಂದ ಐತ್ರಿ" ಎಂದರು.

ನಾನು ಮತ್ತೆ ವಾದಿಸಿದೆ. ಗಂಗವ್ವನೂ ಸಿಟ್ಟು ಮಾಡಿದಳು. ನಾನು ಹೊರಡುವಾಗ, ಆ ಹೊಸ ಸೊಸೆಯ ಬ್ಲೌಸಿನ ತೋಳಿನಲ್ಲಿ ಒಳಗೆ ಅರಿವಿ ಇದೆ, ಬೇರೆ ಯಾರ ಹತ್ತಿರವಾದರೂ ಬಿಚ್ಚಿಸಿಕೊಳ್ಳಲು ಹೇಳಿ ಎಂದಷ್ಟೇ ಹೇಳಿದರು. ಅವರನ್ನು ನಾನು ಕಂಡದ್ದು ಅದೇ ಕೊನೆ.

ಬೆಂಕಿ ಹತ್ತಿದ ಗಳಿಗೆಯನ್ನು ಅವರು ನೋಡಿರಲಿಲ್ಲ. ಆ ತಪ್ಪನ್ನು ಒಪ್ಪಿಕೊಂಡವರು ಅವರೊಬ್ಬರೇ. ನೋಡಿದ ನಾವು ಇನ್ನೂ ಇದ್ದೇವೆ. ಕವರ್ ತಂತಿಯ ಮೇಲಿತ್ತು, ಒದ್ದೆಯಾಗಿತ್ತು. ಅದನ್ನು ಒಗೆದು ಹಾಕಿದ ರೇಖಾ ನೋಡಿದ್ದಾಳೆ. ಕವರ್ ಈಗಲೂ ಅವಳ ಟ್ರಂಕಿನಲ್ಲಿದೆ. ಓಡಿಬಂದ ಶಿವಾನಂದ ನೋಡಿದ್ದಾನೆ. ಉಸುಕು ಸುರಿದ ಕಲ್ಲಪ್ಪ ನೋಡಿದ್ದಾನೆ. ಗಟಾರದ ಕಲ್ಲಿನ ಮೇಲೆ ನಿಂತಿದ್ದ ನಾನು ನೋಡಿದ್ದೇನೆ. ಕೇಳಲು ಯಾರಾದರೂ ಬಂದರೆ ಅನಗೋಳದ ಅದೇ ಓಣಿಯಲ್ಲಿ ನಾವೇ ಸಿಗುತ್ತೇವೆ.